ಮೀನಿನ ಲಾರಿ ಹತ್ತಿದ ಮಲ್ಲಿಗೆ

ಶಂಕರಪುರದ ಮಲ್ಲಿಗೆ ವಿಮಾನದಲ್ಲಿ ಬೊಂಬಾಯಿಗೆ ಹೋಗುತ್ತದೆಂದು ಎಲ್ಲರೂ ಜಂಬ ಕೊಚ್ಚುತ್ತಾರೆ. ಬಜ್ಪೆ ನಿಲ್ದಾಣದ ವಿಮಾನವೇನು ನಮ್ಮ ಅಂಗಳಕ್ಕೆ ಬಂದಿಳಿಯುತ್ತದೆಯೇ? ಎಪ್ಪತ್ತರ ದಶಕದಲ್ಲಿ ಅಂಗಳದಿಂದ ಕಟಪಾಡಿಯವರೆಗೆ ಹಾಜಬ್ಬನ ಸೈಕಲ್ಲು, ಅಲ್ಲಿಂದ ಮುಂದೆ ಬಸ್ಸಿನ ಟಾಪು, ಆಮೇಲಷ್ಟೇ ವಿಮಾನ. ರೈಲಂತೂ ಮಂಗಳೂರಿನಿಂದ ಈಚೆ ಕಾಲಿಟ್ಟಿರಲೇ ಇಲ್ಲ.

ಹಾಜಬ್ಬ ಕಾಪುವಿನ ಬ್ಯಾರಿ. ಖಾಲಿ ಸೈಕಲ್ ತುಳಿಯುವುದೆಂದರೆ ಅವನಿಗೆ ಮೈ ಉರಿ. ಬೆಳಿಗ್ಗೆ ನಮ್ಮಲ್ಲಿಗೆ ಮೀನು ತರುತ್ತಿದ್ದ, ಹೋಗುವಾಗ ಹೂವು ಒಯ್ಯುತ್ತಿದ್ದ. ಆದರೆ ಎರಡನ್ನೂ ಬೆರೆಸುತ್ತಿರಲಿಲ್ಲ. ಬುಟ್ಟಿ ಬೇರೆ, ಕಟ್ಟು ಬೇರೆ. ಹೂವಿಗೆ ಬಾಳೆಲೆ, ಬಾಳೆನಾರು. ಮೀನಿಗೆ ತೆಂಗಿನ ಹುರಿಹಗ್ಗ.

ಎಪ್ಪತ್ತೆಂಟರ ಮೇ ತಿಂಗಳಲ್ಲಿ ನನ್ನ ನೆರೆಮನೆಯ ಜೆರ್ಟ್ರೂಡ್ ಬಾಯಿಯ ಮಗಳು ಇಮೆಲ್ಡಾಳಿಗೆ ಬೊಂಬಾಯಿಯಲ್ಲಿ ಮದುವೆ. ಮೊಣಕಾಲು ನೋವಿನಿಂದ ತಾಯಿಗೆ ಹೋಗಲಾಗಲಿಲ್ಲ. ತಾನಿಲ್ಲದಿದ್ದರೂ ತನ್ನ ಗಿಡದ ಹೂವು ಮಗಳ ಮುಡಿಯಲ್ಲಿರಬೇಕೆಂದು ಅವರದು ಒಂದೇ ಹಟ. ಮದುವೆಯ ಮುನ್ನಾದಿನ ಹೂವು ಕಟ್ಟಿ ಕೂತರೆ ಬಸ್ಸುಗಳ ಮುಷ್ಕರ! ಕರ್ಮವೇ!

ಹಾಜಬ್ಬ ತಲೆ ಕೆರೆದುಕೊಂಡು, ಮಲ್ಪೆಯ ಮೀನಿನ ಲಾರಿಯಲ್ಲಿ ಬಜ್ಪೆಯವರೆಗೆ ತಾನೇ ಒಯ್ಯುತ್ತೇನೆ ಎಂದ. ಮದುಮಗಳ ಹೂವು ಮೀನಿನ ಲಾರಿಯಲ್ಲೇ! ನಾನು ಬಾಯಿಗೆ ಬಂದಂತೆ ಬೈದೆ. ಅವನು ಕಟ್ಟನ್ನು ಎದೆಗವಚಿಕೊಂಡು ಹೊರಟೇಬಿಟ್ಟ.

ಲಾರಿಯ ಕುಲುಕಾಟಕ್ಕೆ ಬಾಳೆನಾರು ಹರಿಯಿತಂತೆ. ಅಲ್ಲಿ ಸಿಕ್ಕಿದ ಹುರಿಹಗ್ಗದಿಂದ ಬಿಗಿದ. ಕೈ ಅಭ್ಯಾಸ, ಬಿದ್ದದ್ದು ಅಪ್ಪಟ ಮೀನಿನ ಕಟ್ಟು. ಬಜ್ಪೆಯಲ್ಲಿ ಪಾರ್ಸೆಲ್ ಒಪ್ಪಿಸಿ ಬಂದನೋ ಇಲ್ಲವೋ, ಮೋಡ ಕವಿದು ವಿಮಾನ ಮರುದಿನ ಬೆಳಿಗ್ಗೆಗೆ ಮುಂದೆ ಹೋಯಿತು. ಆ ಸುದ್ದಿ ಕೇಳಿದ ಹಾಜಬ್ಬ ಜೆರ್ಟ್ರೂಡ್ ಬಾಯಿಯ ಜಗಲಿಯಲ್ಲಿ ತಲೆ ತಗ್ಗಿಸಿ ಕೂತ. ಮೇ ತಿಂಗಳ ಸೆಕೆಯಲ್ಲಿ ಮಲ್ಲಿಗೆ ಒಂದು ರಾತ್ರಿ ಉಳಿಯುವುದುಂಟೇ? ಬೈದ ನಾನೇ ಅವನಿಗೆ ಚಹಾ ತಂದುಕೊಟ್ಟೆ.

ಮರುದಿನ ಸಂಜೆ ಊರಲ್ಲಿ ಫೋನಿದ್ದ ಅಂಗಡಿಗೆ ಟ್ರಂಕ್ ಕಾಲ್ ಬಂತು. ಎಲ್ಲರೂ ಓಡಿದೆವು. ಜೆರ್ಟ್ರೂಡ್ ಬಾಯಿ ಕುಂಟುತ್ತಲೇ ಬಂದು ಫೋನ್ ಹಿಡಿದರು. ಇಮೆಲ್ಡಾ ಕಿರುಚಿ ಹೇಳಿದ್ದು ನಮಗೂ ಕೇಳಿಸಿತು. ಬಜ್ಪೆಯವರು ಕಟ್ಟು ನೋಡಿ, ಮೂಸಿ, ಮೀನೇ ಎಂದುಕೊಂಡು ಐಸಿನ ಪೆಟ್ಟಿಗೆಗೆ ಹಾಕಿದ್ದರಂತೆ! ಅದೇ ವಿಮಾನದಲ್ಲಿದ್ದ ಬೇರೆಯವರ ಹೂವೆಲ್ಲ ಕಂದಿಹೋಗಿದ್ದರೆ ನಮ್ಮ ಮೊಗ್ಗು ಮದುವೆಯ ಹೊತ್ತಿಗೆ ಇಗರ್ಜಿಯಲ್ಲಿ ಅರಳಿತ್ತು.

“ಸ್ವಲ್ಪ ಬಂಗುಡೆ ವಾಸನೆ ಉಂಟು ಅಮ್ಮಾ,” ಎಂದಳು ಹುಡುಗಿ, ನಗುತ್ತಾ ಅಳುತ್ತಾ. “ಮಲ್ಲಿಗೆ, ಬಂಗುಡೆ ಎರಡೂ ಒಟ್ಟಿಗೆ. ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಿಂತ ಹಾಗೆಯೇ ಆಯಿತು. ನೀವು ಪಕ್ಕದಲ್ಲೇ ಇದ್ದ ಹಾಗೆ.”

ಬಾಯಿ ಫೋನ್ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ಬಾಗಿಲಾಚೆ ಅವಿತು ನಿಂತಿದ್ದವನನ್ನು ಕರೆದರು.

“ಎಂತ ಹಾಜಬ್ಬ, ಅಲ್ಲಿ ನಿಂತದ್ದು? ನಾಳೆ ಒಳ್ಳೆಯ ಬಂಗುಡೆ ತಾ. ಊಟ ನಮ್ಮಲ್ಲಿ, ಮದುವೆಯದ್ದು.”