ತಡವಾಗಿ ಹೋದ ಹನ್ನೊಂದು ಸಂದೇಶಗಳು

ಆನೆ ಎಲ್ಲಿದೆ ಎಂದು ಸುತ್ತಲಿನ ತೋಟಗಳಿಗೆ ತಿಳಿಸುವುದು ಮೂಡಿಗೆರೆಯ ನಮ್ಮ ಬೆಳೆಗಾರರ ಕಚೇರಿಯ ಕೆಲಸಗಳಲ್ಲೊಂದು. ಕಂಡವರು ಫೋನ್ ಮಾಡುತ್ತಾರೆ. ನಮ್ಮ ಗುಮಾಸ್ತೆ ಅದನ್ನು ಎಕ್ಸೆಲ್ ಹಾಳೆಯಲ್ಲಿ ಬರೆದು ಗುಂಡಿ ಒತ್ತುತ್ತಾರೆ. ಆ ಹಾಳೆಯೊಳಗೆ ನಾನು ಬರೆದಿಟ್ಟ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ಆ ಕಡೆಯವರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಒಂದು ಭಾನುವಾರ ಆ ಫೈಲನ್ನು ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ತಿದ್ದಿ ತಂದಿಟ್ಟೆ. ಗುರುವಾರ ಕಚೇರಿ ತೆರೆಯುತ್ತಿದ್ದಂತೆ ದೇವರಮನೆ ಗುಡ್ಡದ ಕಡೆಯ ಸಣ್ಣ ಬೆಳೆಗಾರರೊಬ್ಬರ ಹೆಂಡತಿಯ ಫೋನ್ ಬಂತು.

"ಆರು ಗಂಟೆಗೆ ತೋಟಕ್ಕೆ ಹೋದೋರು ಇನ್ನೂ ಬಂದಿಲ್ಲ. ಕೊಂಬೆ ಮುರಿಯೋ ಸದ್ದು ಕೇಳ್ತಾ ಇದೆ. ಅವ್ರಿಗೆ ಫೋನ್ ಮಾಡೋಕೂ ಹೆದರಿಕೆ, ಶಬ್ದ ಆದ್ರೆ ಏನ್ಮಾಡೋದು? ಆನೆ ಇದೆ ಅಂತ ನೀವು ತಿಳಿಸ್ಲೇ ಇಲ್ವಲ್ಲ!"

ಹಾಳೆ ನೋಡಿದೆ. ಆನೆ ಸೋಮವಾರದಿಂದ ದಿನಾ ಅವರ ಬೇಲಿಗೆ ಹತ್ತಿರವಾಗುತ್ತಾ ಬಂದಿತ್ತು. ಸಂದೇಶ ಹೋಯಿತೆಂದು ಗುರುತಾಗುವ ಕಾಲಂ ಮಾತ್ರ ಅಂದಿನಿಂದ ಪೂರ್ತಿ ಖಾಲಿ.

"ದಿನಾ ಏನೋ ಎರರ್ ಬರ್ತಿತ್ತು ಸರ್. ಓಕೆ ಒತ್ತಿ ಮುಚ್ತಿದ್ದೆ," ಎಂದರು ಗುಮಾಸ್ತೆ. ಅವರ ಮೇಲೆ ರೇಗಿದೆ. ರೇಗಬೇಕಾದದ್ದು ಯಾರ ಮೇಲೆ ಎಂದು ಮರುನಿಮಿಷವೇ ಗೊತ್ತಾಯಿತು.

ಮ್ಯಾಕ್ರೊಗೆ ಬೇಕಾದ ಲೈಬ್ರರಿ ಎಂಬ ಸಹಾಯಕ ಫೈಲು ಸಿಗುತ್ತಿಲ್ಲ ಎಂದ ಕಂಪ್ಯೂಟರು, ಅದಕ್ಕೆ ಸಂಬಂಧವೇ ಇಲ್ಲದ, ಇವತ್ತಿನ ತಾರೀಖು ಕೇಳುವ ಪಾಪದ ಪದವೊಂದಕ್ಕೆ ಬಣ್ಣ ಹಚ್ಚಿ ತೋರಿಸಿತು. ಮ್ಯಾಕ್ರೊ ಬಳಸುವ ಲೈಬ್ರರಿಗಳ ಪಟ್ಟಿ ತೆರೆದೆ. ಸಂದೇಶ ಕಳಿಸುವ ಲೈಬ್ರರಿಯ ಮುಂದೆ 'ಮಿಸ್ಸಿಂಗ್' ಎಂದಿತ್ತು. ನನ್ನ ಲ್ಯಾಪ್‌ಟಾಪ್ ಅದರ ಹೊಸ ಆವೃತ್ತಿಯನ್ನು ಫೈಲಿಗೆ ಅಂಟಿಸಿಬಿಟ್ಟಿತ್ತು. ಕಚೇರಿಯ ಹಳೇ ಕಂಪ್ಯೂಟರಿನಲ್ಲಿ ಅದಿಲ್ಲ. ಆ ಟಿಕ್ ತೆಗೆದು, ಹಳೆಯದಕ್ಕೆ ಟಿಕ್ ಹಾಕಿ, ಗುಂಡಿ ಒತ್ತಿದೆ. ಮೂರು ದಿನದ ಸಂದೇಶಗಳೆಲ್ಲ ಒಂದರ ಹಿಂದೊಂದು ಹೊರಟವು. ಆ ಬೆಳೆಗಾರರೊಬ್ಬರಿಗೇ ಹನ್ನೊಂದು. ಫೋನಿನ ಶಬ್ದಕ್ಕೆ ಆ ಹೆಂಗಸು ಹೆದರಿದ್ದು ಆಮೇಲೆ ನೆನಪಾಯಿತು.

ಮಧ್ಯಾಹ್ನ ಅವರ ಮನೆಗೆ ಹೋದರೆ ಆ ಬೆಳೆಗಾರರು ಜಗುಲಿಯ ಮೇಲೆ ಕೂತಿದ್ದರು. ಮೈಯೆಲ್ಲ ಕೆಸರು.

"ಮಂಜಲ್ಲಿ ಏನೂ ಕಾಣ್ತಿರ್ಲಿಲ್ಲ ಮಾರಾಯ್ರೆ. ಬರೀ ಉಸಿರು ಕೇಳ್ತಿತ್ತು, ಯಾವ ಕಡೆಯಿಂದ ಅಂತ ಗೊತ್ತಿಲ್ಲ. ಮರಕ್ಕೆ ಒರಗಿ ಕಲ್ಲಿನ ಹಾಗೆ ನಿಂತಿದ್ದೆ. ಆಗ ಜೇಬಲ್ಲಿ ಫೋನು ಟಣ್ ಅಂತು. ಆ ಉಸಿರು ನಿಂತೋಯ್ತು. ಮತ್ತೆ ಟಣ್. ತೆಗೆದು ಕೆಳಗಿನ ಗಿಡಗಳ ಮಧ್ಯ ಎಸೆದೆ. ಅಲ್ಲೂ ಅದು ಬಡ್ಕೊಳ್ತಾನೇ ಇತ್ತು. ಆನೆ ನನ್ನ ಮೈಗೆ ತಾಗೋ ಹಾಗೇ ದಾಟಿ, ಆ ಸದ್ದಿನ ಹಿಂದೆ ಇಳೀತು. ನಾನು ಮೇಲಕ್ಕೆ ಓಡಿದೆ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಕಳಿಸ್ದೆ ಇದ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ."

ಸೋಮವಾರವೇ ಕಳಿಸಿದ್ದರೆ ಅವರು ಆ ಬೆಳಿಗ್ಗೆ ತೋಟಕ್ಕೇ ಹೋಗುತ್ತಿರಲಿಲ್ಲ. ಅದನ್ನು ಹೇಳಲೆಂದೇ ಹೋಗಿದ್ದವನು, ಅವರ ಮುಖ ನೋಡಿ ಹೌದು ಎಂದುಬಿಟ್ಟೆ.