ನಡುವೆ ಕಂಬವಿಲ್ಲದ ಹಾಲ್

ಕಾಪುವಿನಲ್ಲಿ ಮನೆ ಕಟ್ಟಿಸಲು ಹೊರಟಾಗ ನನ್ನ ನಾದಿನಿ ಕೇಳಿದ್ದು ಒಂದೇ: ಕೆಳಗಿನ ಹಾಲ್‌ನ ನಡುವೆ ಕಂಬ ಬರಬಾರದು. ಉದ್ಯಾವರದ ಬಾಡಿಗೆ ಕೋಣೆಯಲ್ಲಿ ಅವಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅಲ್ಲಿ ಉದ್ದದ ಮೇಜು ಹಿಡಿಸದೆ ಬಟ್ಟೆಯನ್ನು ಮಡಚಿ ಮಡಚಿ ಕತ್ತರಿಸಬೇಕಿತ್ತು. ಸ್ವಂತ ಹಾಲ್‌ನಲ್ಲಿ ಗೋಡೆಯಿಂದ ಗೋಡೆಗೆ ಮೇಜು ಹಾಕಬೇಕೆಂಬುದು ಅವಳ ಆಸೆ.

ಕಾರ್ಕಳದ ಕಂಟ್ರಾಕ್ಟರ್ ನಕ್ಷೆ ನೋಡಿ ತಲೆಯಾಡಿಸಿದರು. "ಕಂಬ ಬೇಕೇ ಬೇಕು ಅಕ್ಕ. ಇಲ್ಲದಿದ್ದರೆ ಮೇಲಿನ ಕೋಣೆ ಕೆಳಗೆ ಬಂದು ನಿಮ್ಮ ಹತ್ರ ಚಾ ಕೇಳ್ತದೆ."

ನಾದಿನಿ ನನ್ನ ಮುಖ ನೋಡಿದಳು. "ಅತ್ತಿಗೆ, ನೀವು ಇಂಜಿನಿಯರಿಂಗ್ ಓದಿದ್ದು ಎಂತಕ್ಕೆ? ಒಮ್ಮೆ ನೋಡಬಹುದಲ್ವಾ?"

ಮಣಿಪಾಲದಲ್ಲಿ ಸಿವಿಲ್ ಓದಿ ಮುಗಿಸಿದ ವರ್ಷವೇ ನನ್ನ ಮದುವೆಯಾಗಿತ್ತು. ಆಮೇಲಿನ ಲೆಕ್ಕವೆಲ್ಲ ಅಕ್ಕಿ ಬೇಳೆಯದ್ದೇ. ಆದರೆ ಮಣಿಪಾಲದಲ್ಲೇ ಕಚೇರಿ ಇಟ್ಟಿರುವ ಸಹಪಾಠಿಯೊಬ್ಬಳು ಇತ್ತೀಚೆಗೆ ನನಗೆ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಕಲಿಸಿದ್ದಳು. ಅವಳ ಕಚೇರಿಗೆ ಬರುವ ನಕ್ಷೆಗಳಲ್ಲಿ ಕಂಬ, ಬೀಮುಗಳ ಅಳತೆಯನ್ನು ಮೊದಲಿಗೆ ಅಂದಾಜು ಮಾಡುವುದು ನನ್ನ ಕೆಲಸ; ಅಂತಿಮ ಲೆಕ್ಕ ಅವಳದ್ದು.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಊಟದ ಮೇಜಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ನಡುವಿನ ಕಂಬ ಅಳಿಸಿದೊಡನೆ ಅದರ ಮೇಲಿನ ಬೀಮ್ ಕೆಂಪಾಯಿತು. ಭಾರ ತಾಳದು ಎಂದರ್ಥ. ಬೀಮಿನ ಆಳ ಹೆಚ್ಚಿಸಿದೆ, ಆಗಲೂ ಕೆಂಪೇ. ಇನ್ನೂ ಕೆಳಗಿಳಿಸಿದರೆ ನಾದಿನಿಯ ಉದ್ದನೆಯ ಗಂಡನ ತಲೆಗೆ ತಾಗುತ್ತಿತ್ತು.

ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡುವಾಗ ಕಂಡಿತು. ಮಹಡಿಯ ಮಲಗುವ ಕೋಣೆಯ ಗೋಡೆ ಸರಿಯಾಗಿ ಆ ಬೀಮಿನ ನಡುಬೆನ್ನಿನ ಮೇಲೆ ಕೂತಿದೆ. ಅದೂ ಕೆಂಪುಕಲ್ಲಿನ ಭಾರದ ಗೋಡೆ. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೆಳಗಿನ ಅಡುಗೆಕೋಣೆಯ ಗೋಡೆಯ ನೇರಕ್ಕೆ ತಂದೆ. ಅಲ್ಲಿ ಕಂಬಗಳು ಹತ್ತಿರ ಹತ್ತಿರ ಇದ್ದವು. ಮತ್ತೆ ಲೆಕ್ಕ ಓಡಿಸಿದೆ.

ಬೀಮ್ ಹಸಿರಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ತರಗತಿಗೆ ಬಂದಾಗ ಏಳುತ್ತಿದ್ದಂತೆ, ಖಾಲಿ ಮನೆಯಲ್ಲಿ ಎದ್ದು ನಿಂತುಬಿಟ್ಟೆ.

"ನಿಮ್ಮ ಮಲಗುವ ಕೋಣೆ ಸಣ್ಣದಾಗ್ತದೆ," ಎಂದು ನಾದಿನಿಗೆ ಫೋನಿನಲ್ಲಿ ಹೇಳಿದೆ.

"ಆಗ್ಲಿ ಅತ್ತಿಗೆ. ಮಲಗಿದ ಮೇಲೆ ಎಂತ, ನಡೀಲಿಕ್ಕುಂಟಾ?"

ಸಹಪಾಠಿ ಪೂರ್ತಿ ಲೆಕ್ಕ ಮಾಡಿ ಕಬ್ಬಿಣವನ್ನು ಸ್ವಲ್ಪ ಹೆಚ್ಚಿಸಿದಳು. ನನ್ನ ಬೀಮಿನ ಅಳತೆಯನ್ನು ಮುಟ್ಟಲಿಲ್ಲ.

ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಧಾರಕ್ಕೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿದ ದಿನ ಕಂಟ್ರಾಕ್ಟರ್ ಹಾಲ್‌ನ ನಡುವೆ ನಿಂತು ಕತ್ತೆತ್ತಿ ನೋಡಿದರು. ಬೀಮಿನ ಅಡಿಯಲ್ಲಿ ಮರದ ಗೆರೆಗಳು ಹಾಗೆಯೇ ಅಚ್ಚೊತ್ತಿದ್ದವು. "ಮುಂದಿನ ನಕ್ಷೆ ಮೊದಲು ನಿಮಗೇ ತೋರಿಸ್ತೇನೆ ಅಕ್ಕ," ಎಂದು ನನಗೆ ಹೇಳಿದರು.

ನಾದಿನಿಗೆ ಮೇಜು ಬರುವವರೆಗೆ ತಾಳ್ಮೆಯಿರಲಿಲ್ಲ. ಧೂಳಿನ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನೀಲಿ ಬಟ್ಟೆಯ ಥಾನನ್ನು ಈ ಗೋಡೆಯ ಬುಡದಿಂದ ಉರುಳಿಸಿದಳು. ಅದು ಎಲ್ಲೂ ತಡೆಯಿಲ್ಲದೆ ಆ ಗೋಡೆಯವರೆಗೆ ಬಿಚ್ಚಿಕೊಳ್ಳುತ್ತ ಹೋಯಿತು.