ಯೀಸ್ಟ್ ಮೇಷ್ಟ್ರು
ಕೊಟ್ಟೂರಿನ ಜೀವಶಾಸ್ತ್ರದ ಮೇಷ್ಟ್ರು ಹುಲುಗೇಶಪ್ಪನವರು ಸಲೀಂನ ಬೇಕರಿಯಲ್ಲಿ ಬನ್ನು ಕೊಂಡರೂ ಪಾಠ ತಪ್ಪದು. ‘ಸಲೀಂ, ಇದನ್ನ ಉಬ್ಬಿಸಿದ ಯೀಸ್ಟಿನ ಜೀವಕೋಶದಾಗ ಕೋಶಕೇಂದ್ರ ಅಂತ ಒಂದು ನಡುಮನಿ ಐತಿ. ಅಲ್ಲಿ ಹುಟ್ಟಿದ ಸುದ್ದಿಗೆ ಎಂಆರ್‌ಎನ್‌ಎ ಅಂತಾರ. ಅದು ಬಾಗಿಲು ದಾಟಿದ್ರಷ್ಟೇ ಕೆಲಸ!’ ‘ಚಾ ಆರ್ತೈತಿ, ಮೊದ್ಲು ಕುಡೀರಿ ಸರ್,’ ಎಂದು ಸಲೀಂ ನಗುತ್ತಾನೆ. ಮೇಷ್ಟ್ರು ಬಿಡುವವರಲ್ಲ. ‘ಕಾವು ಹೆಚ್ಚಾದ್ರ ಮಾಮೂಲಿ ಸುದ್ದಿಯೆಲ್ಲ ಒಳಗ ನಿಲ್ತಾವ, ಜೀವ ಉಳಿಸೋವು ಮಾತ್ರ ಹೊರಗ ಬರ್ತಾವ. ಕಾವಿಳಿದ್ರ ಎಲ್ಲಾ ಬರ್ತಾವ ನೋಡು.’ ಮಿದುಳುಜ್ವರ ಬಂದು ಹೋದ ಮೇಲೆ ಅವರ ಮಗಳು ದುರ್ಗಾದೇವಿ ‘ನೀರು’ ಎಂಬುದೊಂದನ್ನು ಬಿಟ್ಟು ಬೇರೆ ಮಾತಾಡಿಲ್ಲ. ದಿನಾ ಸಂಜೆ ಮೇಷ್ಟ್ರು ಬನ್ನನ್ನು ಅವಳ ಕೈಗಿಡುತ್ತಾರೆ. ಜ್ವರ ಯಾವತ್ತೋ ಬಿಟ್ಟಿರುವ ಆ ತಣ್ಣನೆಯ ಹಣೆಯನ್ನು ಮುಟ್ಟಿ, ‘ಇನ್ನೂ ಸ್ವಲ್ಪ ಬಿಸಿ ಐತಿ’ ಎಂದು ಹೆಂಡತಿಗೆ ಹೇಳುತ್ತಾರೆ.